ಹೊಸ್ತಿಲಿನೊಳಗಿನ ಲೆಕ್ಕ: ಲಾಕ್‌ಡೌನ್ ಕಾಲದ ಕುಟುಂಬ ಜೀವನ

2020ರ ಏಪ್ರಿಲ್ 3ರಂದು ಪೆರು ದೇಶದಲ್ಲಿ ಒಂದು ವಿಚಿತ್ರ ನಿಯಮ ಜಾರಿಗೆ ಬಂತು. ಸೋಮವಾರ, ಬುಧವಾರ, ಶುಕ್ರವಾರಗಳಂದು ಗಂಡಸರು ಮಾತ್ರ ಮನೆಯಿಂದ ಹೊರಗೆ ಬರಬಹುದು. ಮಂಗಳವಾರ, ಗುರುವಾರ, ಶನಿವಾರಗಳಂದು ಹೆಂಗಸರು ಮಾತ್ರ. ಭಾನುವಾರ ಯಾರೂ ಬರುವಂತಿಲ್ಲ. ಜನಸಂಖ್ಯೆಯ ಅರ್ಧ ಭಾಗ ಒಳಗಿದ್ದರೆ ಬೀದಿಯ ಸಂದಣಿಯೂ ಅರ್ಧಕ್ಕೆ ಇಳಿಯುತ್ತದೆ ಎಂಬುದು ಅಧಿಕಾರಿಗಳ ಸರಳ ಲೆಕ್ಕವಾಗಿತ್ತು. ಆದದ್ದೇ ಬೇರೆ. ಹೆಂಗಸರ ಸರದಿಯ ದಿನಗಳಲ್ಲಿ ಮಾರುಕಟ್ಟೆಗಳು ಕಿಕ್ಕಿರಿದವು, ಸಾಲುಗಳು ಬೀದಿಯುದ್ದಕ್ಕೂ ಬೆಳೆದವು. ಮನೆಗೆ ಬೇಕಾದ ಸಾಮಾನು ತರುವವರು ಬಹುಪಾಲು ಹೆಂಗಸರೇ ಆಗಿದ್ದ ಸಮಾಜದಲ್ಲಿ ಆರು ದಿನಗಳ ಖರೀದಿ ಮೂರು ದಿನಗಳಿಗೆ ಒತ್ತಿಕೊಂಡಿತ್ತು. ಅಲ್ಲಿನ ಮನೆಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಮಾತ್ರ ಫ್ರಿಜ್ ಇದ್ದುದರಿಂದ, ವಾರಕ್ಕಾಗುವಷ್ಟು ಒಮ್ಮೆಲೇ ತಂದಿಡುವ ಅನುಕೂಲವೂ ಅನೇಕರಿಗೆ ಇರಲಿಲ್ಲ. ಒಂದು ವಾರದಲ್ಲಿ, ಏಪ್ರಿಲ್ 10ರಂದು, ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು.

ಪೆರುವಿನಿಂದ ಮಾತು ಆರಂಭಿಸಿದ್ದಕ್ಕೆ ಕಾರಣವಿದೆ. ಲಾಕ್‌ಡೌನ್ ಕುರಿತ ಚರ್ಚೆಗಳಲ್ಲಿ ನಾವು ಸಾಮಾನ್ಯವಾಗಿ ಆಸ್ಪತ್ರೆ, ಆರ್ಥಿಕತೆ, ಲಸಿಕೆ, ರಾಜಕೀಯ ಇವುಗಳನ್ನೇ ಎತ್ತಿಕೊಳ್ಳುತ್ತೇವೆ. ಕುಟುಂಬದ ವಿಷಯ ಬಂದಾಗ ಮಾತು ಥಟ್ಟನೆ ಮೃದುವಾಗಿಬಿಡುತ್ತದೆ: ಎಲ್ಲರೂ ಒಟ್ಟಿಗೆ ಇದ್ದೆವು, ಒಟ್ಟಿಗೆ ಉಂಡೆವು, ಮರೆತಿದ್ದ ಆಟಗಳನ್ನು ಆಡಿದೆವು ಎಂಬ ನೆನಪುಗಳು ಮುಂದೆ ಬರುತ್ತವೆ. ಅವು ಸುಳ್ಳಲ್ಲ. ಆದರೆ ಇಂದು ನಾನು ಹೇಳಬೇಕೆಂದಿರುವುದು ಅದಕ್ಕಿಂತ ಒಣಗಿದ ಸಂಗತಿ. ಲಾಕ್‌ಡೌನಿನ ಬಹುತೇಕ ನಿಯಮಗಳು ಮನೆಯನ್ನು ಒಂದು ಬಿಡಿ ಘಟಕವೆಂದು ಎಣಿಸಿದವು. ಮನೆಯ ಗೋಡೆಯೇ ಕುಟುಂಬದ ಗಡಿ ಎಂದೂ, ಆ ಗೋಡೆಯೊಳಗೆ ಏನನ್ನು ತುರುಕಿದರೂ ಅದು ಹೇಗೋ ಹೊಂದಿಕೊಳ್ಳುತ್ತದೆ ಎಂದೂ ಅವು ನಂಬಿದ್ದವು. ಈ ಎರಡೂ ನಂಬಿಕೆಗಳು ನಿಜವಾಗಿರಲಿಲ್ಲ. ಕುಟುಂಬಗಳು ಅನುಭವಿಸಿದ ಕಷ್ಟದ ಬಹುಪಾಲು, ನನ್ನ ಅಭಿಪ್ರಾಯದಲ್ಲಿ, ಈ ಲೆಕ್ಕಕ್ಕೂ ಬದುಕಿಗೂ ನಡುವೆ ಉಳಿದ ಅಂತರದಿಂದ ಹುಟ್ಟಿದ್ದು.

ಘಟನೆಗಳ ವೇಗವನ್ನು ಒಮ್ಮೆ ನೆನಪಿಸಿಕೊಳ್ಳೋಣ. 2020ರ ಜನವರಿ 23ರಂದು ಚೀನಾದ ವುಹಾನ್ ನಗರವನ್ನು ಮುಚ್ಚಲಾಯಿತು. ಮಾರ್ಚ್ 9ರಂದು ಇಟಲಿ ತನ್ನ ಇಡೀ ದೇಶಕ್ಕೆ ನಿರ್ಬಂಧವನ್ನು ಘೋಷಿಸಿತು. ಎರಡು ದಿನಗಳ ನಂತರ ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಅನ್ನು ಜಾಗತಿಕ ಪಿಡುಗು ಎಂದು ಕರೆಯಿತು. ಮಾರ್ಚ್ 14ರಂದು ಸ್ಪೇನ್, 17ರಂದು ಫ್ರಾನ್ಸ್, 23ರಂದು ಬ್ರಿಟನ್, 24ರ ಮಧ್ಯರಾತ್ರಿಯಿಂದ ಭಾರತ, ಮರುದಿನ ನ್ಯೂಜಿಲೆಂಡ್. ಏಪ್ರಿಲ್ ಮೊದಲ ವಾರಗಳ ಹೊತ್ತಿಗೆ ಜಗತ್ತಿನ ಅರ್ಧಕ್ಕೂ ಹೆಚ್ಚು ಜನರು ಒಂದಲ್ಲ ಒಂದು ಬಗೆಯ ಗೃಹನಿರ್ಬಂಧದಲ್ಲಿದ್ದರು. ಸ್ವೀಡನ್ ಹದಿನಾರು ವರ್ಷದೊಳಗಿನ ಮಕ್ಕಳ ಶಾಲೆಗಳನ್ನು ತೆರೆದೇ ಇಟ್ಟಿತು, ಜಪಾನ್ ಕಡ್ಡಾಯದ ಬದಲು ಮನವಿಯನ್ನು ನೆಚ್ಚಿಕೊಂಡಿತು, ಇವು ಅಪವಾದಗಳು. ಉಳಿದೆಡೆ ಕೋಟ್ಯಂತರ ಕುಟುಂಬಗಳ ದಿನಚರಿ ಕೆಲವೇ ದಿನಗಳಲ್ಲಿ, ಕೆಲವೆಡೆ ಕೆಲವೇ ಗಂಟೆಗಳಲ್ಲಿ, ಬುಡಮೇಲಾಯಿತು.

ಮನೆಯನ್ನು ಘಟಕವೆಂದು ಹಿಡಿದದ್ದರಲ್ಲಿ ತರ್ಕವಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಸೋಂಕು ಮನುಷ್ಯರ ಸಂಪರ್ಕದಿಂದ ಹರಡುತ್ತದೆ. ಒಂದೇ ಮನೆಯಲ್ಲಿರುವವರ ಸಂಪರ್ಕವನ್ನು ಯಾವ ಆದೇಶವೂ ತಡೆಯಲಾರದು. ಆದ್ದರಿಂದ ತಡೆಯಬಹುದಾದದ್ದು ಮನೆಮನೆಗಳ ನಡುವಿನ ಸಂಪರ್ಕ ಮಾತ್ರ. ರೋಗವಿಜ್ಞಾನದ ದೃಷ್ಟಿಯಿಂದ ಇದು ಸರಿಯಾದ ತೀರ್ಮಾನ. ಪೊಲೀಸರ ದೃಷ್ಟಿಯಿಂದಲೂ ಅನುಕೂಲಕರ: ಬಾಗಿಲ ಒಳಗೆ ಇರುವವರನ್ನು ಕೇಳಬೇಕಿಲ್ಲ, ಹೊರಗೆ ಬಂದವರನ್ನು ನಿಲ್ಲಿಸಿದರೆ ಸಾಕು. ತೊಡಕು ಇದ್ದದ್ದು, ಬಾಗಿಲ ಒಳಗೆ ಏನಿದೆ ಎಂಬುದನ್ನು ಎಲ್ಲ ಮನೆಗಳಿಗೂ ಸಮಾನವೆಂದು ಭಾವಿಸಿದ್ದರಲ್ಲಿ. ಸೋಂಕಿತರು ಪ್ರತ್ಯೇಕ ಕೋಣೆಯಲ್ಲಿರಬೇಕು, ಸಾಧ್ಯವಾದರೆ ಪ್ರತ್ಯೇಕ ಶೌಚಾಲಯ ಬಳಸಬೇಕು, ಆಗಾಗ ಸಾಬೂನಿನಿಂದ ಕೈ ತೊಳೆಯಬೇಕು ಎಂಬ ಸಲಹೆಗಳು ಎಲ್ಲ ಭಾಷೆಗಳಲ್ಲೂ ಪ್ರಸಾರವಾದವು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಒಟ್ಟಾಗಿ ಕಲೆಹಾಕಿದ 2017ರ ಅಂಕಿಅಂಶಗಳ ಪ್ರಕಾರ, ಸುಮಾರು 300 ಕೋಟಿ ಜನರ ಮನೆಗಳಲ್ಲಿ ನೀರು ಮತ್ತು ಸಾಬೂನು ಎರಡೂ ಇರುವ ಕೈ ತೊಳೆಯುವ ವ್ಯವಸ್ಥೆಯೇ ಇರಲಿಲ್ಲ. ಒಂದೇ ಕೋಣೆಯಲ್ಲಿ ಐದಾರು ಮಂದಿ ಮಲಗುವ ಕುಟುಂಬಕ್ಕೆ 'ಮನೆಯಲ್ಲೇ ಇರಿ' ಎಂಬ ಮಾತು ರಕ್ಷಣೆಯ ಭರವಸೆಯನ್ನೇನೂ ಕೊಡುತ್ತಿರಲಿಲ್ಲ; ಒಬ್ಬರಿಗೆ ಬಂದ ಕಾಯಿಲೆ ಎಲ್ಲರಿಗೂ ಬರಲು ಅದು ದಾರಿ ಮಾಡಿಕೊಡುತ್ತಿತ್ತು.

ಇನ್ನು ಗೋಡೆಯೊಳಗೆ ಹೊಸದಾಗಿ ಬಂದು ಸೇರಿದ್ದು ಏನೇನು ಎಂಬುದನ್ನು ನೋಡೋಣ. ಒಂದು ಸಾಮಾನ್ಯ ಕುಟುಂಬ ತನ್ನ ದಿನದ ಎಷ್ಟೊಂದು ಕೆಲಸಗಳನ್ನು ಹೊರಗಿನವರಿಗೆ ಒಪ್ಪಿಸಿರುತ್ತದೆ ಎಂಬುದು ಆ ಹೊರಗಿನವರು ಬಾಗಿಲು ಮುಚ್ಚುವವರೆಗೆ ಗಮನಕ್ಕೇ ಬಂದಿರುವುದಿಲ್ಲ. ಮಕ್ಕಳನ್ನು ಐದಾರು ಗಂಟೆ ಶಾಲೆ ನೋಡಿಕೊಳ್ಳುತ್ತದೆ. ಪುಟ್ಟ ಮಗುವನ್ನು ಶಿಶುವಿಹಾರವೋ ಅಜ್ಜಿಯೋ ನೋಡಿಕೊಳ್ಳುತ್ತಾರೆ. ಹಾಸಿಗೆ ಹಿಡಿದ ಹಿರಿಯರಿಗೆ ದಾದಿಯೊಬ್ಬರು ಬಂದು ಹೋಗುತ್ತಾರೆ. ದುಡಿಯುವವರ ಮಧ್ಯಾಹ್ನದ ಊಟ ಕಚೇರಿಯ ಕ್ಯಾಂಟೀನಿನಲ್ಲಿ ನಡೆಯುತ್ತದೆ. ವಿಶೇಷ ಅಗತ್ಯವಿರುವ ಮಗುವಿಗೆ ಮಾತಿನ ತರಬೇತಿ, ವ್ಯಾಯಾಮ ಚಿಕಿತ್ಸೆ ಇವೆಲ್ಲ ನುರಿತವರ ಕೈಯಲ್ಲಿ ನಡೆಯುತ್ತವೆ. ಲಾಕ್‌ಡೌನ್ ಬಂದ ವಾರದಲ್ಲಿ ಈ ಎಲ್ಲ ಕೆಲಸಗಳೂ ಒಟ್ಟಾಗಿ ಮನೆಗೆ ಹಿಂದಿರುಗಿದವು. ಕೆಲಸ ಬಂತು, ಕೆಲಸಗಾರರು ಬರಲಿಲ್ಲ.

ಹಾಗೆ ಬಂದ ಕೆಲಸ ಮನೆಯೊಳಗೆ ಯಾರ ಪಾಲಿಗೆ ಬಿತ್ತು? ಪಿಡುಗಿಗೆ ಎರಡು ವರ್ಷ ಮೊದಲೇ, 2018ರಲ್ಲಿ, ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಪ್ರಕಟಿಸಿದ ವರದಿಯೊಂದು ಸಂಬಳವಿಲ್ಲದ ಆರೈಕೆ ಕೆಲಸದ ಒಟ್ಟು ಗಂಟೆಗಳಲ್ಲಿ ಶೇ. 76.2ರಷ್ಟನ್ನು ಹೆಂಗಸರೇ ಮಾಡುತ್ತಾರೆ ಎಂದು ಲೆಕ್ಕ ಹಾಕಿತ್ತು; ಅಂದರೆ ಗಂಡಸರಿಗಿಂತ ಮೂರು ಪಟ್ಟಿಗೂ ಹೆಚ್ಚು. ಮೊದಲೇ ಹೀಗೆ ವಾಲಿದ್ದ ಹಂಚಿಕೆಯ ಮೇಲೆ ಹೊಸ ಹೊರೆ ಬಂದು ಬಿದ್ದಾಗ ಅದು ವಾಲಿದ ಕಡೆಗೇ ಜಾರುವುದು ಸಹಜ. ಗಂಡಸರು ಏನೂ ಮಾಡಲಿಲ್ಲ ಎನ್ನುವುದೂ ತಪ್ಪಾಗುತ್ತದೆ. ಲಂಡನ್ನಿನ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ಸಂಸ್ಥೆಯ ಸಂಶೋಧಕರು ಇಂಗ್ಲೆಂಡಿನಲ್ಲಿ ತಂದೆ, ತಾಯಿ ಇಬ್ಬರೂ ಇರುವ ಕುಟುಂಬಗಳನ್ನು 2020ರ ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ ಸಮೀಕ್ಷೆ ಮಾಡಿದಾಗ, ಮಕ್ಕಳ ಆರೈಕೆಗೆ ತಂದೆಯರು ಕೊಡುತ್ತಿದ್ದ ಸಮಯ ಹಿಂದಿಗಿಂತ ಸುಮಾರು ಎರಡು ಪಟ್ಟಾಗಿದ್ದದ್ದು ಕಂಡುಬಂತು. ಆದರೆ ಅದೇ ಸಮೀಕ್ಷೆಯ ಇನ್ನೊಂದು ಫಲಿತಾಂಶ ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಯಾರೂ ನಡುವೆ ಬಂದು ತಡೆಯದೆ ಏಕಾಗ್ರವಾಗಿ ಮಾಡಿದ ಸಂಬಳದ ಕೆಲಸದ ಗಂಟೆಗಳನ್ನು ಅಳೆದಾಗ, ಕೆಲವು ವರ್ಷ ಹಿಂದೆ ತಾಯಂದಿರಿಗೆ ತಂದೆಯರ ಶೇ. 60ರಷ್ಟು ದೊರೆಯುತ್ತಿದ್ದದ್ದು ಲಾಕ್‌ಡೌನ್ ಕಾಲಕ್ಕೆ ಶೇ. 35ಕ್ಕೆ ಇಳಿದಿತ್ತು. ತಂದೆಗೆ ಅಂಥ ಮೂರು ಗಂಟೆ ಸಿಕ್ಕರೆ ತಾಯಿಗೆ ಸಿಗುತ್ತಿದ್ದದ್ದು ಸುಮಾರು ಒಂದೇ ಗಂಟೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾರು ಎಷ್ಟು ಗಂಟೆ ಕೆಲಸ ಮಾಡಿದರು ಎಂಬ ಪ್ರಶ್ನೆಗೆ ಇಬ್ಬರೂ ಎಂಟು ಗಂಟೆ ಎಂದು ಉತ್ತರಿಸಬಹುದು. ಆ ಎಂಟು ಗಂಟೆಗಳು ಒಂದೇ ಜಾತಿಯವಲ್ಲ. ಒಬ್ಬರು ಬಾಗಿಲು ಹಾಕಿಕೊಂಡು ಎರಡು ಗಂಟೆ ಒಂದೇ ಸಮನೆ ಬರೆಯುತ್ತಾರೆ. ಇನ್ನೊಬ್ಬರು ಊಟದ ಮೇಜಿನ ತುದಿಯಲ್ಲಿ ಕುಳಿತು, ಒಂದು ಕಣ್ಣು ಕಂಪ್ಯೂಟರಿನ ಮೇಲೆ, ಇನ್ನೊಂದು ಕಣ್ಣು ಮಗುವಿನ ಪಾಠದ ಮೇಲೆ ಇಟ್ಟು, ಹತ್ತು ನಿಮಿಷಕ್ಕೊಮ್ಮೆ ಎದ್ದು ಹೋಗಿ ಬರುತ್ತಾರೆ. ಮನೆಯಲ್ಲಿ ಬಾಗಿಲಿರುವ ಒಂದೇ ಕೋಣೆ ಇದ್ದಾಗ ಅದು ಯಾರಿಗೆ ಎಂಬುದು ಜಗಳವಿಲ್ಲದೆಯೇ, ಬಹುತೇಕ ಮಾತೇ ಇಲ್ಲದೆ, ತೀರ್ಮಾನವಾಗಿಬಿಡುತ್ತಿತ್ತು. ಯಾರ ಸಂಬಳ ಹೆಚ್ಚೋ ಅವರಿಗೆ ಎಂಬುದು ಮೇಲ್ನೋಟಕ್ಕೆ ನ್ಯಾಯವೆಂದೇ ತೋರುತ್ತದೆ. ಆದರೆ ಸಂಬಳದ ವ್ಯತ್ಯಾಸ ಬಂದದ್ದೇ ಹಿಂದಿನ ಇಂಥ ತೀರ್ಮಾನಗಳಿಂದ ಎಂಬುದನ್ನು ಆ ತುರ್ತಿನಲ್ಲಿ ಯಾರೂ ಯೋಚಿಸಲು ಕೂರುವುದಿಲ್ಲ. ಲಾಕ್‌ಡೌನಿನಲ್ಲಿ ಕುಟುಂಬಗಳೊಳಗೆ ಅತಿ ಹೆಚ್ಚು ಅಸಮವಾಗಿ ಹಂಚಿಕೆಯಾದ ವಸ್ತು ಯಾವುದು ಎಂದು ಕೇಳಿದರೆ, ಹಣಕ್ಕಿಂತ ಮೊದಲು ನಾನು ತಡೆಯಿಲ್ಲದ ಸಮಯವನ್ನು ಹೆಸರಿಸುತ್ತೇನೆ.

ಕಚೇರಿಯೂ ಈ ಸಮಯವನ್ನು ಕಬಳಿಸಿತು. ಹದಿನಾರು ಮಹಾನಗರಗಳ 31 ಲಕ್ಷ ಉದ್ಯೋಗಿಗಳ ಇಮೇಲ್ ಮತ್ತು ಸಭೆಗಳ ದಾಖಲೆಗಳನ್ನು ಪರಿಶೀಲಿಸಿದ 2020ರ ಅಧ್ಯಯನವೊಂದು, ಮೊದಲ ಲಾಕ್‌ಡೌನ್ ವಾರಗಳಲ್ಲಿ ಕೆಲಸದ ದಿನ ಸರಾಸರಿ 48.5 ನಿಮಿಷ ಉದ್ದವಾಗಿತ್ತು ಎಂದು ತೋರಿಸಿತು. ಪ್ರಯಾಣದ ಸಮಯ ಉಳಿಯಿತಲ್ಲ ಎಂದು ನಾವು ಸಂತೋಷಪಟ್ಟೆವು. ಅದರ ಒಂದು ಭಾಗ ಸದ್ದಿಲ್ಲದೆ ಕೆಲಸದ ಖಾತೆಗೇ ಜಮೆಯಾಯಿತು. ಹಾಗಿದ್ದೂ, ಬೆಳಿಗ್ಗೆ ಮಗು ಏಳುವ ಮೊದಲು ಹೊರಟು ರಾತ್ರಿ ಮಲಗಿದ ಮೇಲೆ ಮರಳುತ್ತಿದ್ದ ಅನೇಕರು ತಮ್ಮ ಮನೆಯ ಹಗಲನ್ನು ಮೊದಲ ಬಾರಿ ಕಂಡರು ಎಂಬುದೂ ಅಷ್ಟೇ ನಿಜ. ಸ್ಥಿರ ಸಂಬಳ, ಸಾಕಷ್ಟು ಕೋಣೆಗಳು, ಒಳ್ಳೆಯ ಇಂಟರ್‌ನೆಟ್ ಸಂಪರ್ಕ, ಆರೋಗ್ಯವಂತ ಹಿರಿಯರು, ಸ್ವಲ್ಪ ದೊಡ್ಡ ಮಕ್ಕಳು ಇಷ್ಟೂ ಇದ್ದ ಕುಟುಂಬಕ್ಕೆ 2020 ಕೆಟ್ಟ ವರ್ಷವಾಗಿರಲಿಲ್ಲ. ಇಂಥ ಕುಟುಂಬಗಳ ಅನುಭವವೇ ಹೆಚ್ಚು ಬರೆಯಲ್ಪಟ್ಟದ್ದೇಕೆ ಎಂದರೆ, ಬರೆಯುವವರು ಸಾಮಾನ್ಯವಾಗಿ ಇಂಥ ಮನೆಗಳಲ್ಲೇ ಇರುತ್ತಾರೆ.

ಶಾಲೆಯ ವಿಷಯಕ್ಕೆ ಬರುತ್ತೇನೆ. ಯುನೆಸ್ಕೋ ಲೆಕ್ಕದಂತೆ, ಮುಚ್ಚುವಿಕೆಯ ಉತ್ತುಂಗದಲ್ಲಿ 190ಕ್ಕೂ ಹೆಚ್ಚು ದೇಶಗಳ ಸುಮಾರು 160 ಕೋಟಿ ವಿದ್ಯಾರ್ಥಿಗಳು ತರಗತಿಯಿಂದ ಹೊರಗಿದ್ದರು. ಪಾಠಗಳು ಆನ್‌ಲೈನ್‌ನಲ್ಲಿ ಮುಂದುವರಿಯುತ್ತವೆ ಎಂಬ ಘೋಷಣೆಗಳು ಬಂದವು. ಯುನಿಸೆಫ್ ಮತ್ತು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಅದೇ ವರ್ಷದ ಕೊನೆಯಲ್ಲಿ ನೀಡಿದ ವರದಿಯ ಪ್ರಕಾರ, 3ರಿಂದ 17 ವರ್ಷದೊಳಗಿನ 130 ಕೋಟಿ ಮಕ್ಕಳಿಗೆ, ಎಂದರೆ ಆ ವಯಸ್ಸಿನ ಮೂರರಲ್ಲಿ ಎರಡು ಪಾಲು ಮಕ್ಕಳಿಗೆ, ಮನೆಯಲ್ಲಿ ಇಂಟರ್‌ನೆಟ್ ಇರಲಿಲ್ಲ. ಇದ್ದ ಮನೆಗಳಲ್ಲೂ ಒಂದು ಫೋನು, ಮೂವರು ಮಕ್ಕಳು. ಆ ಫೋನು ತಂದೆಯೊಂದಿಗೆ ಕೆಲಸಕ್ಕೆ ಹೋದರೆ ಪಾಠ ರಾತ್ರಿಗೆ. ದೊಡ್ಡವನ ಪರೀಕ್ಷೆ ಮುಖ್ಯವೋ ಚಿಕ್ಕವಳ ಅಕ್ಷರಾಭ್ಯಾಸ ಮುಖ್ಯವೋ ಎಂಬ, ಹಿಂದೆಂದೂ ಕೇಳಬೇಕಿಲ್ಲದಿದ್ದ ಪ್ರಶ್ನೆಯನ್ನು ತಾಯಿ ತಂದೆಯರು ದಿನವೂ ಎದುರಿಸಬೇಕಾಯಿತು.

ಸೌಕರ್ಯವಿದ್ದರೆ ಸಾಕಿತ್ತೇ? ನೆದರ್ಲೆಂಡ್ಸ್ ಈ ಪ್ರಶ್ನೆಗೆ ಒಂದು ಸ್ಪಷ್ಟ ಉತ್ತರ ಕೊಟ್ಟಿದೆ. ಅಲ್ಲಿ ಶಾಲೆಗಳು ಮೊದಲ ಅಲೆಯಲ್ಲಿ ಎಂಟು ವಾರ ಮಾತ್ರ ಮುಚ್ಚಿದ್ದವು, ಇಂಟರ್‌ನೆಟ್ ಬಹುತೇಕ ಎಲ್ಲ ಮನೆಗಳಲ್ಲೂ ಇತ್ತು, ಮುಚ್ಚುವ ಮೊದಲೂ ತೆರೆದ ನಂತರವೂ ರಾಷ್ಟ್ರಮಟ್ಟದ ಪರೀಕ್ಷೆಗಳು ನಡೆದಿದ್ದವು. ಎರಡನ್ನೂ ಹೋಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದ ತೀರ್ಮಾನ: ಮನೆಯಿಂದ ಕಲಿತ ಅವಧಿಯಲ್ಲಿ ಮಕ್ಕಳು ಕಲಿತದ್ದು ಅತ್ಯಲ್ಪ ಅಥವಾ ಏನೂ ಇಲ್ಲ, ಕಡಿಮೆ ಓದಿದ ತಂದೆತಾಯಿಯರ ಮಕ್ಕಳಲ್ಲಿ ನಷ್ಟ ಶೇ. 60ರವರೆಗೂ ಹೆಚ್ಚು. ಪಾಠ ಹೇಳುವುದು ಒಂದು ವೃತ್ತಿ, ತಂದೆತಾಯಿಯಾದ ಮಾತ್ರಕ್ಕೆ ಅದು ಬಂದುಬಿಡುವುದಿಲ್ಲ ಎಂಬ ಸರಳ ಸಂಗತಿ ಇದರಿಂದ ದೃಢಪಟ್ಟಿತು. ಎಂಟು ವಾರಗಳ ಕಥೆಯೇ ಹೀಗಾದರೆ, 2020ರ ಮಾರ್ಚ್‌ನಲ್ಲಿ ಮುಚ್ಚಿ 2022ರ ಜನವರಿ 10ರಂದು ಪೂರ್ಣವಾಗಿ ತೆರೆದ ಉಗಾಂಡಾದ ಶಾಲೆಗಳ ಮಕ್ಕಳ ಬಗ್ಗೆ ಬೇರೆ ಹೇಳಬೇಕಿಲ್ಲ. ಶಾಲೆ ಕೊಡುವುದು ಪಾಠ ಮಾತ್ರವೂ ಅಲ್ಲ. ವಿಶ್ವ ಆಹಾರ ಕಾರ್ಯಕ್ರಮದ ಅಂದಾಜಿನಂತೆ 37 ಕೋಟಿ ಮಕ್ಕಳು ಶಾಲೆಯಲ್ಲಿ ಸಿಗುತ್ತಿದ್ದ ಊಟವನ್ನು ಕಳೆದುಕೊಂಡರು. ಅನೇಕ ಸರ್ಕಾರಗಳು ಅದರ ಬದಲಿಗೆ ಧಾನ್ಯವನ್ನೋ ಹಣವನ್ನೋ ಮನೆಗೆ ತಲುಪಿಸಲು ಯತ್ನಿಸಿದವು. ಆದರೆ ಶಾಲೆಯ ತಟ್ಟೆಯಲ್ಲಿ ಬಿದ್ದ ಊಟ ಆ ಮಗುವಿಗೇ ಸಲ್ಲುತ್ತದೆ, ಮನೆಗೆ ಬಂದ ಧಾನ್ಯ ಹಸಿದ ಇಡೀ ಮನೆಗೆ ಹಂಚಿಹೋಗುತ್ತದೆ.

ಮಕ್ಕಳ ಓಡಾಟದ ಬಗ್ಗೆ ಸ್ಪೇನಿನ ಒಂದು ಉದಾಹರಣೆ ಸಾಕು. ಅಲ್ಲಿ ಮಾರ್ಚ್ ಮಧ್ಯದಿಂದ ಏಪ್ರಿಲ್ 26ರವರೆಗೆ, ಸುಮಾರು ಆರು ವಾರ, ಹದಿನಾಲ್ಕು ವರ್ಷದೊಳಗಿನ ಮಕ್ಕಳು ಆಟಕ್ಕೋ ನಡಿಗೆಗೋ ಮನೆಯಿಂದ ಹೊರಗೆ ಬರುವಂತಿರಲಿಲ್ಲ. ಅದೇ ಅವಧಿಯಲ್ಲಿ ನಾಯಿಯನ್ನು ಅಡ್ಡಾಡಿಸಲು ದೊಡ್ಡವರಿಗೆ ಅನುಮತಿಯಿತ್ತು. ನಾಯಿಗೆ ಹೊರಗಿನ ಅಗತ್ಯ ಇದೆ ಎಂಬುದು ಯಾರಿಗಾದರೂ ಹೊಳೆಯುತ್ತದೆ. ಏಳು ವರ್ಷದ ಮಗುವಿಗೂ ಓಡುವ ಅಗತ್ಯ ಇದೆ ಎಂಬುದು ಆದೇಶ ಬರೆದವರಿಗೆ ಹೊಳೆಯಲು ಆರು ವಾರ ಹಿಡಿಯಿತು. ಆಮೇಲೂ ಸಿಕ್ಕದ್ದು ದಿನಕ್ಕೆ ಒಂದು ಗಂಟೆ, ಮನೆಯಿಂದ ಒಂದು ಕಿಲೋಮೀಟರಿನೊಳಗೆ, ದೊಡ್ಡವರೊಬ್ಬರೊಂದಿಗೆ. ಶಾಲೆ ಮುಚ್ಚಿದ್ದರಿಂದ ಮಕ್ಕಳಿಗೆ ಇನ್ನೊಂದು ನಷ್ಟವೂ ಆಯಿತು, ಅದು ಮುಂದಿನ ವಿಷಯಕ್ಕೆ ಸೇರಿದ್ದು: ಮೈಮೇಲಿನ ಬಾಸುಂಡೆಯನ್ನು ಮೊದಲು ಗಮನಿಸುವವರು ಬಹಳ ಸಲ ಶಿಕ್ಷಕರೇ ಆಗಿರುತ್ತಾರೆ.

ಮನೆಯೇ ಸುರಕ್ಷಿತ ಸ್ಥಳ ಎಂಬುದು ಲಾಕ್‌ಡೌನಿನ ಮೂಲ ಗೃಹೀತ. ಅದು ನಿಜವಲ್ಲದ ಮನೆಗಳಿವೆ ಎಂಬುದನ್ನು ಎಲ್ಲರೂ ಮೊದಲೇ ಬಲ್ಲವರಾಗಿದ್ದರೂ ಆದೇಶಗಳು ಅದನ್ನು ಬಲ್ಲಂತೆ ನಡೆದುಕೊಳ್ಳಲಿಲ್ಲ. ಏಪ್ರಿಲ್ 5ರಂದು ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಆಂಟೋನಿಯೊ ಗುಟೆರಸ್ ಮನೆಗಳೊಳಗಿನ ಹಿಂಸೆಗೂ ಕದನವಿರಾಮ ಬೇಕು ಎಂದು ಕರೆ ನೀಡಬೇಕಾಯಿತು. ಸಹಾಯವಾಣಿಗಳ ಅನುಭವ ಇಲ್ಲಿ ಎಚ್ಚರಿಕೆಯಿಂದ ಓದಬೇಕಾದದ್ದು. ಅನೇಕ ದೇಶಗಳಲ್ಲಿ ಕರೆಗಳು ಏರಿದವು. ಆದರೆ ಇಟಲಿಯಲ್ಲಿ ಮೊದಲ ವಾರಗಳಲ್ಲಿ ಅವು ಇಳಿದಿದ್ದವು, ಏರಿದ್ದು ಆಮೇಲೆ. ಹಿಂಸೆ ಇಳಿದದ್ದರಿಂದ ಕರೆ ಇಳಿಯಲಿಲ್ಲ. ಹೊಡೆಯುವವನು ಇಪ್ಪತ್ತನಾಲ್ಕು ಗಂಟೆಯೂ ಪಕ್ಕದಲ್ಲೇ ಇರುವಾಗ ಫೋನೆತ್ತಿ ಮಾತನಾಡುವುದು ಹೇಗೆ? ಅವನು ಕೆಲಸಕ್ಕೆ ಹೋದಾಗ ಸಿಗುತ್ತಿದ್ದ ನಾಲ್ಕಾರು ಗಂಟೆಗಳ ಏಕಾಂತ ಎಷ್ಟೋ ಹೆಂಗಸರಿಗೆ ರಕ್ಷಣೆಯ ಏಕೈಕ ಕಿಂಡಿಯಾಗಿತ್ತು. ಲಾಕ್‌ಡೌನ್ ಅದನ್ನು ಮುಚ್ಚಿತು.

ಇದಕ್ಕೆ ಸ್ಪೇನ್ ಮತ್ತು ಫ್ರಾನ್ಸ್ ಕಂಡುಕೊಂಡ ಉಪಾಯವನ್ನು ನಾನು ಆ ಕಾಲದ ಅತ್ಯಂತ ಜಾಣ ಆಡಳಿತ ಕ್ರಮಗಳಲ್ಲಿ ಒಂದೆಂದು ಎಣಿಸುತ್ತೇನೆ. ಔಷಧದಂಗಡಿಗೆ ಹೋಗುವುದಕ್ಕೆ ಎಲ್ಲರಿಗೂ ಅವಕಾಶವಿತ್ತು. ಅಲ್ಲಿ 'ಮಾಸ್ಕ್ 19 ಕೊಡಿ' ಎಂದು ಕೇಳಿದರೆ ಅಂಗಡಿಯವರು ಅದನ್ನು ಸಹಾಯದ ಕೋರಿಕೆ ಎಂದು ಅರ್ಥ ಮಾಡಿಕೊಂಡು ಪೊಲೀಸರಿಗೋ ರಕ್ಷಣಾ ಸೇವೆಗೋ ತಿಳಿಸುವ ಏರ್ಪಾಡಾಯಿತು. ಪಕ್ಕದಲ್ಲಿ ಗಂಡ ನಿಂತಿದ್ದರೂ ಸಂಶಯ ಬರುವಂತಿಲ್ಲ. ಹೊರಗೆ ಬರಲು ಉಳಿದಿದ್ದ ಕೆಲವೇ ಕಾರಣಗಳಲ್ಲಿ ಒಂದನ್ನು ಹಿಡಿದು ಅದರೊಳಗೇ ದಾರಿ ಮಾಡಿದ್ದು ಇದರ ಹೆಚ್ಚುಗಾರಿಕೆ. ಮನೆಯೊಳಗಿನ ಬದುಕನ್ನು ಬಲ್ಲ ಯಾರೋ ಯೋಚಿಸಿ ರೂಪಿಸಿದ ಕ್ರಮ ಅದು ಎಂಬುದು ನೋಡಿದೊಡನೆ ತಿಳಿಯುತ್ತದೆ.

ಇದುವರೆಗೆ ಗೋಡೆಯೊಳಗಿನ ಸ್ಥಿತಿಯನ್ನು ಹೇಳಿದೆ. ಗೋಡೆಯೇ ಕುಟುಂಬದ ಗಡಿ ಎಂಬ ಇನ್ನೊಂದು ನಂಬಿಕೆ ಇನ್ನೂ ಬೇಗ ಬಿರುಕು ಬಿಟ್ಟಿತು. ಬ್ರಿಟನ್ನಿನಲ್ಲಿ ಲಾಕ್‌ಡೌನ್ ಘೋಷಣೆಯಾದ ಮರುದಿನ ಬೆಳಿಗ್ಗೆಯೇ ಒಂದು ಪ್ರಶ್ನೆ ಎದ್ದಿತು: ತಂದೆತಾಯಿ ಬೇರೆಬೇರೆಯಾಗಿದ್ದು, ವಾರದ ಕೆಲವು ದಿನ ಒಬ್ಬರಲ್ಲಿ, ಕೆಲವು ದಿನ ಇನ್ನೊಬ್ಬರಲ್ಲಿ ಇರುವ ಮಗುವಿನ ಗತಿಯೇನು? ಹಿರಿಯ ಸಚಿವರೊಬ್ಬರು ಟಿವಿಯಲ್ಲಿ ಮಕ್ಕಳು ಓಡಾಡುವಂತಿಲ್ಲ ಎಂದರು. ಅದೇ ದಿನ ತಿದ್ದಿಕೊಂಡು, ಹದಿನೆಂಟು ವರ್ಷದೊಳಗಿನವರು ಎರಡೂ ಮನೆಗಳ ನಡುವೆ ಹೋಗಿಬರಬಹುದು ಎಂದರು. ಆ ಕೆಲವು ಗಂಟೆಗಳಲ್ಲಿ ಲಕ್ಷಾಂತರ ಮಕ್ಕಳ ಪಾಲಿಗೆ ಒಬ್ಬ ತಾಯಿಯೋ ತಂದೆಯೋ ಕುಟುಂಬದಿಂದ ಹೊರಗಾಗಿದ್ದರು. ಮೊಮ್ಮಕ್ಕಳನ್ನು ಹಗಲೆಲ್ಲ ನೋಡಿಕೊಂಡು ಸಂಜೆ ಪಕ್ಕದ ಬೀದಿಯ ತಮ್ಮ ಮನೆಗೆ ಮರಳುತ್ತಿದ್ದ ಅಜ್ಜ ಅಜ್ಜಿಯರೂ ನಿಯಮದ ಪ್ರಕಾರ ಬೇರೆ ಮನೆಯವರೇ. ವಯಸ್ಸಾದವರಿಗೆ ಅಪಾಯ ಹೆಚ್ಚು ಎಂಬುದು ನಿಜವಾದ್ದರಿಂದ ಈ ಅಗಲಿಕೆಗೆ ವಿರೋಧವೂ ಬರಲಿಲ್ಲ. ವೃದ್ಧಾಶ್ರಮಗಳಲ್ಲಿದ್ದವರ ಸ್ಥಿತಿ ಇನ್ನೂ ಕಠಿಣವಾಗಿತ್ತು: ಭೇಟಿ ನಿಷೇಧ, ಹೆಚ್ಚೆಂದರೆ ಕಿಟಕಿಯ ಗಾಜಿನಾಚೆಯಿಂದ ಒಂದು ನೋಟ, ಮರೆವಿನ ರೋಗವಿದ್ದವರಿಗೆ ಆ ಗಾಜು ಯಾಕೆ ಅಡ್ಡವಿದೆ ಎಂಬುದನ್ನು ವಿವರಿಸಲೂ ಆಗದು.

ಒಂಟಿಯಾಗಿ ಬದುಕುವವರಿಗೆ ಮನೆಯೇ ಘಟಕ ಎಂದರೆ ಒಬ್ಬನೇ ಘಟಕ. ನ್ಯೂಜಿಲೆಂಡ್ ಇದನ್ನು ಆರಂಭದಲ್ಲೇ ಗ್ರಹಿಸಿತ್ತು. ಅಲ್ಲಿ ಬಳಕೆಗೆ ತಂದ 'ಬಬಲ್' (ತಮ್ಮೊಳಗೆ ಮಾತ್ರ ಬೆರೆಯಬಹುದಾದವರ ಸಣ್ಣ ಗುಂಪು) ಎಂಬ ಕಲ್ಪನೆ ಮನೆಗಿಂತ ಸ್ವಲ್ಪ ಹಿಗ್ಗಬಲ್ಲದ್ದಾಗಿತ್ತು. ಎರಡು ಮನೆಗಳಲ್ಲಿ ಬೆಳೆಯುವ ಮಕ್ಕಳು, ಒಂಟಿಯಾಗಿರುವವರು ಅದರೊಳಗೆ ಜಾಗ ಪಡೆದರು. ಇಂಗ್ಲೆಂಡ್ ಅದೇ ಬಗೆಯ 'ಸಪೋರ್ಟ್ ಬಬಲ್' ನಿಯಮವನ್ನು ತಂದದ್ದು ಜೂನ್ 13ರಂದು, ಲಾಕ್‌ಡೌನ್ ಆರಂಭವಾಗಿ ಹನ್ನೆರಡು ವಾರವಾಗುತ್ತ ಬಂದಾಗ: ಒಬ್ಬರೇ ಇರುವವರು, ಅಥವಾ ಹದಿನೆಂಟು ವರ್ಷದೊಳಗಿನ ಮಕ್ಕಳೊಂದಿಗೆ ಒಬ್ಬರೇ ಇರುವ ತಾಯಿಯೋ ತಂದೆಯೋ, ಇನ್ನೊಂದು ಮನೆಯೊಂದಿಗೆ ಒಂದಾಗಬಹುದು. ಈ ಹನ್ನೆರಡು ವಾರಗಳಲ್ಲಿ ಒಂಟಿ ತಾಯಿಯೊಬ್ಬಳು ಕೆಲಸ, ಮಗು, ಅಡುಗೆ, ಸಾಮಾನು ತರುವುದು ಎಲ್ಲವನ್ನೂ ಯಾರಿಗೂ ಹತ್ತು ನಿಮಿಷ ಹಸ್ತಾಂತರಿಸಲಾಗದೆ ಮಾಡಿದ್ದಾಳೆ. ಸೋಂಕು ಹರಡುವ ಅಪಾಯ ತೀರ ಕಡಿಮೆಯಿದ್ದ ಈ ಸಣ್ಣ ರಿಯಾಯಿತಿಯನ್ನು ಮೊದಲ ದಿನವೇ ಕೊಡಬಹುದಿತ್ತು ಎಂಬುದು ನನ್ನ ದೃಢ ಅಭಿಪ್ರಾಯ.

ದುಡಿಮೆಗಾಗಿ ಒಂದು ಕಡೆ, ಕುಟುಂಬ ಇನ್ನೊಂದು ಕಡೆ ಇರುವವರಿಗೆ 'ಮನೆಯಲ್ಲೇ ಇರಿ' ಎಂಬ ಆದೇಶ ಯಾವ ಮನೆಯನ್ನು ಕುರಿತದ್ದು ಎಂಬುದೇ ಸಮಸ್ಯೆಯಾಯಿತು. ಭಾರತದಲ್ಲಿ ಮಾರ್ಚ್ 24ರ ರಾತ್ರಿ ಎಂಟಕ್ಕೆ ಘೋಷಿಸಿದ ಲಾಕ್‌ಡೌನ್ ನಾಲ್ಕು ಗಂಟೆಗಳಲ್ಲಿ ಜಾರಿಗೆ ಬಂದಾಗ, ನಗರಗಳ ವಲಸೆ ಕಾರ್ಮಿಕರು ತಾವಿದ್ದ ಬಾಡಿಗೆ ಕೋಣೆಯನ್ನೋ ಕೆಲಸದ ಜಾಗದ ಶೆಡ್ಡನ್ನೋ ಮನೆಯೆಂದು ಒಪ್ಪಲಿಲ್ಲ. ನೂರಾರು ಕಿಲೋಮೀಟರ್ ನಡೆದು ಊರಿನತ್ತ ಹೊರಟರು. ಅವರಿಗಾಗಿ ಶ್ರಮಿಕ ವಿಶೇಷ ರೈಲುಗಳು ಓಡಲಾರಂಭಿಸಿದ್ದು ಮೇ 1ರಂದು. ಸಮುದ್ರದ ಮೇಲಿದ್ದವರಿಗೆ ನಡೆಯುವ ದಾರಿಯೂ ಇರಲಿಲ್ಲ. ಬಂದರುಗಳು ಸಿಬ್ಬಂದಿ ಬದಲಾವಣೆಗೆ ಅವಕಾಶ ಕೊಡದ ಕಾರಣ, ಅಂತಾರಾಷ್ಟ್ರೀಯ ಸಾಗರ ಸಂಘಟನೆಯ ಅಂದಾಜಿನಂತೆ, 2020ರ ಕೊನೆಯ ಹೊತ್ತಿಗೆ ಸುಮಾರು 4 ಲಕ್ಷ ನಾವಿಕರು ಒಪ್ಪಂದದ ಅವಧಿ ಮುಗಿದರೂ ಹಡಗಿನಲ್ಲೇ ಉಳಿದಿದ್ದರು. ಜಗತ್ತಿನ ಮನೆಗಳಿಗೆಲ್ಲ ಸಾಮಾನು ತಲುಪಿಸುತ್ತಿದ್ದವರು ತಮ್ಮ ಮನೆ ತಲುಪಲಾರದೆ ಇದ್ದರು.

ಆದಾಯದ ಹೊಡೆತದ ಬಗ್ಗೆ ಬಹಳ ಬರೆದಾಗಿದೆ, ಗಾತ್ರವನ್ನಷ್ಟೇ ನೆನಪಿಸುತ್ತೇನೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಲೆಕ್ಕದಲ್ಲಿ 2020ರಲ್ಲಿ ನಷ್ಟವಾದ ಕೆಲಸದ ಗಂಟೆಗಳು 25.5 ಕೋಟಿ ಪೂರ್ಣಾವಧಿ ಉದ್ಯೋಗಗಳಿಗೆ ಸಮ. ಈ ಹೊಡೆತ ಕುಟುಂಬದ ಆಕಾರವನ್ನೇ ಬದಲಿಸಿತು. ಅಮೆರಿಕದಲ್ಲಿ 18ರಿಂದ 29 ವರ್ಷದವರಲ್ಲಿ ತಂದೆತಾಯಿಯರ ಮನೆಯಲ್ಲಿ ವಾಸಿಸುವವರ ಪ್ರಮಾಣ 2020ರ ಜುಲೈಯಲ್ಲಿ ಶೇ. 52ಕ್ಕೆ ಮುಟ್ಟಿತೆಂದು ಪ್ಯೂ ಸಂಶೋಧನಾ ಕೇಂದ್ರ ತಿಳಿಸಿತು. ಮಹಾ ಆರ್ಥಿಕ ಕುಸಿತದ ಬೆನ್ನಿಗೆ ಬಂದ 1940ರ ಜನಗಣತಿಯಲ್ಲೂ ಅದು ಶೇ. 48 ಇತ್ತು. ಮನೆ ಬಿಟ್ಟು ಹೋಗಿ ಸ್ವಂತ ಬದುಕು ಕಟ್ಟಿಕೊಳ್ಳುವುದನ್ನೇ ಪ್ರಾಯಕ್ಕೆ ಬಂದದ್ದರ ಗುರುತೆಂದು ಕಾಣುವ ಸಮಾಜದಲ್ಲಿ ಅರ್ಧಕ್ಕೂ ಹೆಚ್ಚು ಯುವಜನರು ತಂದೆತಾಯಿಯರ ಮನೆಯಲ್ಲಿದ್ದದ್ದು ಸಣ್ಣ ಬದಲಾವಣೆಯಲ್ಲ. ಎಲ್ಲರೂ ಮನೆಯಲ್ಲೇ ಇರುವುದರಿಂದ ಮಕ್ಕಳು ಹೆಚ್ಚು ಹುಟ್ಟುತ್ತಾರೆ ಎಂಬ ಹಾಸ್ಯ ಆಗ ಎಲ್ಲೆಡೆ ಹರಿದಾಡಿತು. ಇಟಲಿ, ಸ್ಪೇನ್‌ಗಳಲ್ಲಿ ಒಂಬತ್ತು ತಿಂಗಳ ನಂತರ ಜನನಗಳು ಗಮನಾರ್ಹವಾಗಿ ಇಳಿದವು. ನಾಳೆಯ ಸಂಬಳ ಖಚಿತವಿಲ್ಲದಾಗ ದಂಪತಿಗಳು ಏನನ್ನು ಮುಂದೂಡುತ್ತಾರೆ ಎಂಬುದು ಹಾಸ್ಯ ಮಾಡಿದವರಿಗೆ ಹೊಳೆದಿರಲಿಲ್ಲ. ಸಾವಿನ ಮನೆಗಳಲ್ಲಿ ಕುಟುಂಬದ ಗಾತ್ರವನ್ನು ಅಂಕಿಯಲ್ಲೇ ನಿಗದಿ ಮಾಡಲಾಯಿತು. ಅಂತ್ಯಸಂಸ್ಕಾರಕ್ಕೆ ಹತ್ತೋ ಇಪ್ಪತ್ತೋ ಮಂದಿ ಎಂದಾಗ, ಸತ್ತವರ ಒಡಹುಟ್ಟಿದವರಲ್ಲಿ ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ಶೋಕದ ನಡುವೆಯೇ ತೀರ್ಮಾನಿಸಬೇಕಾಗಿತ್ತು. ಉಳಿದವರು ಮೊಬೈಲಿನಲ್ಲಿ ನೋಡಿದರು.

ಕೊನೆಯದಾಗಿ, ತಜ್ಞರ ಲೆಕ್ಕವೇ ತಪ್ಪಿದ ಒಂದು ಸಂಗತಿ. ಹೊರದೇಶಗಳಲ್ಲಿ ದುಡಿಯುವವರು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿರುವ ತಮ್ಮ ಕುಟುಂಬಗಳಿಗೆ ಕಳಿಸುವ ಹಣ 2020ರಲ್ಲಿ ಸುಮಾರು ಶೇ. 20ರಷ್ಟು ಕುಸಿಯುತ್ತದೆ ಎಂದು ವಿಶ್ವ ಬ್ಯಾಂಕ್ ಏಪ್ರಿಲ್‌ನಲ್ಲಿ ಮುನ್ಸೂಚನೆ ನೀಡಿತ್ತು. ಕಳಿಸುವವರೇ ಕೆಲಸ ಕಳೆದುಕೊಳ್ಳುತ್ತಿದ್ದಾಗ ಅದು ಸಮಂಜಸವಾದ ಊಹೆ. ಮರುವರ್ಷ ಲೆಕ್ಕ ಮುಗಿದಾಗ ಕುಸಿತ ಕೇವಲ ಶೇ. 1.6: 2019ರ 548 ಬಿಲಿಯನ್ ಡಾಲರುಗಳಿಂದ 540 ಬಿಲಿಯನ್‌ಗೆ. ಸಾವಿರಾರು ಕಿಲೋಮೀಟರ್ ದೂರದ ಬಾಡಿಗೆ ಕೋಣೆಯಲ್ಲಿ ಸಿಕ್ಕಿಬಿದ್ದವರು ತಮ್ಮ ಖರ್ಚನ್ನು ಕತ್ತರಿಸಿ, ಉಳಿತಾಯವನ್ನು ಮುಟ್ಟಿ, ತಮ್ಮನ್ನು ಯಾವ ನಿಯಮವೂ ಆ ಮನೆಯವರೆಂದು ಎಣಿಸದಿದ್ದರೂ ಆ ಮನೆಗೆ ಹಣ ಕಳಿಸಿದ್ದರು. ಈ ಅಂಕಿಯನ್ನು ಪೂರ್ತಿ ತ್ಯಾಗದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ ಎಂಬುದನ್ನೂ ಹೇಳಬೇಕು. ಆತಿಥೇಯ ದೇಶಗಳು ಕೊಟ್ಟ ಪರಿಹಾರ ಧನ ಕೆಲವರ ಕೈಹಿಡಿದಿತ್ತು. ಅಲ್ಲದೆ, ಊರಿಗೆ ಹೋಗುವವರ ಕೈಯಲ್ಲಿ ಮೊದಲು ನಗದಾಗಿ ಕಳಿಸುತ್ತಿದ್ದ, ಆದ್ದರಿಂದ ಯಾವ ಲೆಕ್ಕದಲ್ಲೂ ಕಾಣದಿದ್ದ ಹಣದ ಒಂದು ಭಾಗ, ಗಡಿಗಳು ಮುಚ್ಚಿದ ಮೇಲೆ ಬ್ಯಾಂಕು ಮತ್ತು ಮೊಬೈಲ್ ಮೂಲಕ ಹರಿದು ಅಂಕಿಅಂಶದೊಳಗೆ ಬಂದಿತ್ತು.